ಹುಲ್ಲು ಎರಡೂ ಕಡೆ ಇರುವಾಗ ಮಣ್ಣು ಒಂದೆಡೆ ಕಪ್ಪು, ಇನ್ನೊಂದೆಡೆ ಕೆಂಪು ಏಕೆ?

ಟಿಪ್ಪಣಿಗಾರ್ತಿ:

ಎಲ್ಲರಿಗೂ ನಮಸ್ಕಾರ. ಪದವಿಪೂರ್ವ ತರಗತಿಯ ಭೂಗೋಳಕ್ಕಾಗಿ ಜಗತ್ತಿನ ಹುಲ್ಲುಗಾವಲುಗಳ ಮೇಲೆ ಟಿಪ್ಪಣಿ ಸಿದ್ಧಪಡಿಸುತ್ತಿದ್ದೇನೆ. ಹೆಸರುಗಳ ಪಟ್ಟಿ ಬೇಗನೆ ಮುಗಿಯಿತು. ಯುರೇಷ್ಯಾದ ಸ್ಟೆಪ್ಪಿ, ಉತ್ತರ ಅಮೆರಿಕದ ಪ್ರೈರಿ, ಅರ್ಜೆಂಟೀನಾ ಮತ್ತು ಉರುಗ್ವೆಯ ಪಂಪಾಸ್, ದಕ್ಷಿಣ ಆಫ್ರಿಕಾದ ವೆಲ್ಡ್, ಆಸ್ಟ್ರೇಲಿಯಾದ ಡೌನ್ಸ್ ಇವೆಲ್ಲ ಸಮಶೀತೋಷ್ಣ ವಲಯದವು. ಆಫ್ರಿಕಾದ ಸವನ್ನಾ, ವೆನೆಜುವೆಲಾ ಮತ್ತು ಕೊಲಂಬಿಯಾದ ಲಾನೋಸ್, ಬ್ರೆಜಿಲ್‌ನ ಸೆರಾಡೊ ಉಷ್ಣವಲಯದವು. ತೊಡಕು ಬಂದದ್ದು ‘ಮಣ್ಣು’ ಎಂದು ಉಪಶೀರ್ಷಿಕೆ ಬರೆದು ಕುಳಿತಾಗ.

ಹುಲ್ಲಿನ ಬೇರುಗಳು ಕೊಳೆತು ಹ್ಯೂಮಸ್ ಸೇರುವುದರಿಂದ ಹುಲ್ಲುಗಾವಲಿನ ಮಣ್ಣು ಕಪ್ಪಾಗಿಯೂ ಫಲವತ್ತಾಗಿಯೂ ಇರುತ್ತದೆ ಎಂದು ಸ್ಟೆಪ್ಪಿಯ ಭಾಗದಲ್ಲಿ ಓದಿದೆ. ಎರಡು ಪುಟ ದಾಟಿದರೆ, ಸವನ್ನಾದ ಮಣ್ಣು ಕೆಂಪು, ಆಮ್ಲೀಯ, ಪೋಷಕಾಂಶಗಳು ಕಡಿಮೆ ಎಂದಿದೆ. ಅಲ್ಲಿಯೂ ಬೆಳೆಯುವುದು ಹುಲ್ಲೇ ಅಲ್ಲವೇ, ಆ ಹುಲ್ಲಿಗೆ ಬೇರುಗಳಿಲ್ಲವೇ? ಎರಡನೆಯ ಗೊಂದಲ ಮಳೆಯದು. ಮರುಭೂಮಿಗೆ ಹೆಚ್ಚಾಗುವಷ್ಟು, ಕಾಡಿಗೆ ಸಾಲದಷ್ಟು ಮಳೆ ಬೀಳುವಲ್ಲಿ ಹುಲ್ಲುಗಾವಲು ಇರುತ್ತದೆ ಎಂಬ ಸೂತ್ರವನ್ನು ನಾವೆಲ್ಲರೂ ಬಾಯಿಪಾಠ ಮಾಡಿದವರೇ. ಆದರೆ ಸೆರಾಡೊದ ಬಹುಪಾಲು ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 1,200 ರಿಂದ 1,800 ಮಿಲಿಮೀಟರ್ ಮಳೆಯಾಗುತ್ತದೆ. ಅದು ಕಾಡಿಗೆ ಸಾಲದ ಮಳೆಯೇನಲ್ಲ. ಸೂತ್ರವೇ ತಪ್ಪೋ, ನಾನು ಅರ್ಥಮಾಡಿಕೊಂಡ ರೀತಿ ತಪ್ಪೋ? ತಿಳಿದವರು ದಯವಿಟ್ಟು ವಿವರಿಸಬೇಕು. ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಖಂಡಿತ ಕೇಳುತ್ತಾರೆ, ಆಗ ‘ಪುಸ್ತಕದಲ್ಲಿ ಹಾಗಿದೆ’ ಎಂದು ತಪ್ಪಿಸಿಕೊಳ್ಳಲು ನನಗೆ ಇಷ್ಟವಿಲ್ಲ.

ಮಣ್ಣಗುಂಡಿ:

ಮೇಡಂ, ನೀವು ಓದಿದ ಎರಡು ಮಾತುಗಳೂ ಹೆಚ್ಚುಕಡಿಮೆ ಸರಿ. ಮೊದಲನೆಯದರಲ್ಲಿ ಅರ್ಧ ಬಿಟ್ಟುಹೋಗಿದೆ, ಅಷ್ಟೇ. ಬೇರುಗಳಿಂದ ಹ್ಯೂಮಸ್ ಸೇರುತ್ತದೆ ಎನ್ನುವುದು ಜಮೆಯ ಲೆಕ್ಕ. ಖರ್ಚು ಎಷ್ಟು ಎಂಬುದನ್ನು ಹವಾಮಾನ ತೀರ್ಮಾನಿಸುತ್ತದೆ. ಕೈಯಲ್ಲಿ ಉಳಿಯುವುದು ಇವೆರಡರ ವ್ಯತ್ಯಾಸ.

ಜಮೆಯ ಕಡೆಯಿಂದಲೇ ನೋಡೋಣ. ಕಾಡಿನಲ್ಲಿ ಒಣ ಎಲೆ, ಕಡ್ಡಿ, ತೊಗಟೆಗಳು ನೆಲದ ಮೇಲೆ ಬಿದ್ದು ಬಹುಪಾಲು ಅಲ್ಲಿಯೇ ಕೊಳೆಯುತ್ತವೆ. ಸಮಶೀತೋಷ್ಣ ಹುಲ್ಲುಗಾವಲಿನಲ್ಲಿ ಕಣ್ಣಿಗೆ ಕಾಣುವ ಹುಲ್ಲಿನ ತೂಕಕ್ಕಿಂತ ನೆಲದೊಳಗಿನ ಬೇರುಗಳ ತೂಕವೇ ಹೆಚ್ಚು. ನೆಬ್ರಾಸ್ಕ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಜಾನ್ ವೀವರ್ ಕಳೆದ ಶತಮಾನದ ಮೊದಲರ್ಧದಲ್ಲಿ ಪ್ರೈರಿಯ ನೆಲದಲ್ಲಿ ಆಳವಾದ ಕಂದಕಗಳನ್ನು ತೋಡಿ, ಗಿಡಗಳ ಬೇರುಗಳನ್ನು ಮಣ್ಣಿನಿಂದ ಎಚ್ಚರಿಕೆಯಿಂದ ಬಿಡಿಸಿ, ಅಳತೆಗೆ ಸರಿಯಾಗಿ ಚಿತ್ರ ಬರೆದಿಟ್ಟರು. ಬಿಗ್ ಬ್ಲೂಸ್ಟೆಮ್ ಎಂಬ ಎತ್ತರದ ಹುಲ್ಲಿನ ಬೇರುಗಳು 2 ಮೀಟರಿಗೂ ಕೆಳಗೆ ಇಳಿದಿರುವುದನ್ನು ಆ ಚಿತ್ರಗಳಲ್ಲಿ ಕಾಣಬಹುದು. ಈ ಬೇರುಗಳ ದೊಡ್ಡ ಪಾಲು ಮೇಲಿನ ಅರ್ಧ ಮೀಟರಿನಲ್ಲಿ ದಟ್ಟವಾಗಿ ಹೆಣೆದುಕೊಂಡಿರುತ್ತದೆ. ಪ್ರತಿವರ್ಷ ಅದರಲ್ಲಿ ಒಂದು ಭಾಗ ಸತ್ತು, ಇದ್ದಲ್ಲಿಯೇ ಮಣ್ಣಿಗೆ ಸೇರುತ್ತದೆ. ಹೊರಗಿನಿಂದ ಗೊಬ್ಬರ ತಂದು ಬೆರೆಸುವ ಅಗತ್ಯವೇ ಇಲ್ಲ.

ಖರ್ಚಿನ ಕಡೆ ಸ್ಟೆಪ್ಪಿಗೂ ಸವನ್ನಾಕ್ಕೂ ಅಜಗಜಾಂತರ. ಸ್ಟೆಪ್ಪಿಯಲ್ಲಿ ಸತ್ತ ಬೇರನ್ನು ಕೊಳೆಸುವ ಸೂಕ್ಷ್ಮಜೀವಿಗಳ ಕೆಲಸ ವರ್ಷಕ್ಕೆ ಎರಡು ಬಾರಿ ನಿಲ್ಲುತ್ತದೆ: ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವುದರಿಂದ, ಬೇಸಿಗೆಯ ಉತ್ತರಾರ್ಧದಲ್ಲಿ ಮಣ್ಣು ಒಣಗುವುದರಿಂದ. ಹೀಗೆ ಅರ್ಧಂಬರ್ಧ ಕೊಳೆತ ಪದಾರ್ಥ ಮಣ್ಣಿನ ಜೇಡಿಯೊಂದಿಗೂ ಕ್ಯಾಲ್ಸಿಯಂನೊಂದಿಗೂ ಬೆಸೆದುಕೊಂಡು, ಸುಲಭವಾಗಿ ಕರಗದ ಹ್ಯೂಮಸ್ ಆಗಿ ಸಾವಿರಾರು ವರ್ಷ ಉಳಿಯುತ್ತದೆ. ಕ್ಯಾಲ್ಸಿಯಂ ಉಳಿಯುವುದಕ್ಕೂ ಹವಾಮಾನವೇ ಕಾರಣ, ಏಕೆಂದರೆ ಅಲ್ಲಿ ಬೀಳುವ ಮಳೆಗೆ ಮಣ್ಣನ್ನು ಪೂರ್ತಿ ತೊಳೆದು ಕೆಳಗಿಳಿಸುವ ಶಕ್ತಿಯಿಲ್ಲ. ಸವನ್ನಾದಲ್ಲಿ ನೆಲ ಎಂದೂ ಹೆಪ್ಪುಗಟ್ಟುವುದಿಲ್ಲ. ಬೆಚ್ಚಗಿನ ಮಣ್ಣಿಗೆ ಮಳೆಗಾಲದ ತೇವ ಸೇರಿದೊಡನೆ ಸೂಕ್ಷ್ಮಜೀವಿಗಳೂ ಗೆದ್ದಲುಗಳೂ ಸತ್ತ ಬೇರನ್ನು ಬೇಗಬೇಗ ಮುಗಿಸಿಬಿಡುತ್ತವೆ, ಭಾರಿ ಮಳೆಯ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು ಕೆಳಕ್ಕೆ ಬಸಿಯುತ್ತದೆ. ಕೊನೆಗೆ ಉಳಿಯುವುದು ಕಯೊಲಿನೈಟ್ ಎಂಬ ಬಡ ಜೇಡಿ, ಜೊತೆಗೆ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಕೆಂಪು ಬಣ್ಣ ಆ ಕಬ್ಬಿಣದ್ದು. ಅದೇ ಆಕ್ಸೈಡುಗಳು ಮಣ್ಣಿಗೆ ಸೇರಿದ ರಂಜಕವನ್ನು ಗಿಡಕ್ಕೆ ಸಿಗದಂತೆ ಬಿಗಿಯಾಗಿ ಹಿಡಿದಿಡುತ್ತವೆ.

ಪಠ್ಯಪುಸ್ತಕಗಳು ಹೆಚ್ಚಾಗಿ ಹೇಳದ ಇನ್ನೊಂದು ಸಂಗತಿ ನೆಲದ ವಯಸ್ಸು. ಉಕ್ರೇನ್‌ನಿಂದ ಕಜಕಿಸ್ತಾನದವರೆಗಿನ ಕಪ್ಪು ಮಣ್ಣಿನ ಪಟ್ಟಿಯ ಬಹುಭಾಗ ನಿಂತಿರುವುದು ಲೋಯೆಸ್ ಮೇಲೆ. ಎಂದರೆ ಹಿಮಯುಗದಲ್ಲಿ ಗಾಳಿ ಹೊತ್ತು ತಂದು ಹರಡಿದ, ಸುಣ್ಣ ಬೆರೆತ ನುಣ್ಣನೆಯ ಧೂಳಿನ ಮೇಲೆ. ಭೂವಿಜ್ಞಾನದ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆಯ ಸರಕು, ಇದರ ಖನಿಜಗಳ ಸತ್ವ ಇನ್ನೂ ಖಾಲಿಯಾಗಿಲ್ಲ. ಅಯೋವಾ ಮತ್ತು ನೆಬ್ರಾಸ್ಕದಲ್ಲಿಯೂ ಇದೇ ಕಥೆ. ಪಂಪಾಸ್‌ನ ಲೋಯೆಸ್‌ನಲ್ಲಿ ಆಂಡಿಸ್ ಕಡೆಯ ಜ್ವಾಲಾಮುಖಿ ಬೂದಿಯೂ ಬೆರೆತಿದೆ. ಸೆರಾಡೊದ ಪ್ರಸ್ಥಭೂಮಿಯ ಮಣ್ಣಾದರೋ ಲಕ್ಷಾಂತರ ವರ್ಷಗಳಿಂದ ಮಳೆಗೆ ತೊಳೆಯುತ್ತಲೇ ಬಂದದ್ದು.

ಸ್ಟೆಪ್ಪಿಯ ಈ ಕಪ್ಪು ಮಣ್ಣಿಗೆ ಚೆರ್ನೊಜೆಮ್ ಎಂದು ಹೆಸರು, ರಷ್ಯನ್ ಭಾಷೆಯಲ್ಲಿ ಕರಿನೆಲ ಎಂದೇ ಅರ್ಥ. ಅದರಲ್ಲಿ ತೋಡಿದ ಒಂದು ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋದರೆ ನಾನು ಮೇಲೆ ಹೇಳಿದ್ದೆಲ್ಲ ಅಲ್ಲಿಯೇ ಬರೆದಿರುತ್ತದೆ. ಮೊದಲ ಅರ್ಧ ಮೀಟರ್, ಕೆಲವು ಕಡೆ ಒಂದು ಮೀಟರ್, ಕಡುಕಪ್ಪು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಹೆಂಟೆಯಾಗಿ ಒಡೆಯದೆ ರಾಗಿಕಾಳಿನಂತೆ ಉದುರುತ್ತದೆ. ಕೆಳಗೆ ಕಪ್ಪು ಬಣ್ಣ ನಿಧಾನವಾಗಿ ಕಂದಾಗುತ್ತದೆ, ಬೂಷ್ಟಿನ ಎಳೆಯಂಥ ಬಿಳಿ ಗೆರೆಗಳು ಕಾಣತೊಡಗುತ್ತವೆ. ಅಲ್ಲಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಮಣ್ಣು ಬುಸುಗುಟ್ಟಿ ನೊರೆಯೇಳುತ್ತದೆ, ಅದು ಸುಣ್ಣ. ಇನ್ನೂ ಕೆಳಗೆ ಹಳದಿ ಲೋಯೆಸ್‌ನಲ್ಲಿ ಸುಣ್ಣದ ಬಿಳಿ ಚುಕ್ಕೆಗಳಿರುತ್ತವೆ, ರಷ್ಯನ್ನರು ಅವನ್ನು ‘ಬಿಳಿಕಣ್ಣು’ ಎನ್ನುತ್ತಾರೆ. ಇವುಗಳ ನಡುವೆ ಅಂಗೈಯಗಲದ ದುಂಡು ಕಲೆಗಳು, ಹಳದಿ ಪದರದಲ್ಲಿ ಕಪ್ಪಗೆ, ಕಪ್ಪು ಪದರದಲ್ಲಿ ಹಳದಿಯಾಗಿ. ನೆಲ ಅಳಿಲು ಮೊದಲಾದ ಬಿಲವಾಸಿಗಳು ತೋಡಿದ ಸುರಂಗಗಳು ಮಣ್ಣು ತುಂಬಿ ಮುಚ್ಚಿಹೋದ ಗುರುತು ಅವು. ಕ್ರೊತೊವಿನ ಎಂದು ಹೆಸರು. ಮಣ್ಣನ್ನು ಮೇಲೆ ಕೆಳಗೆ ಮಾಡಿ ಕಲಸಿಟ್ಟವರಲ್ಲಿ ಎರೆಹುಳುಗಳ ಜೊತೆ ಈ ಪ್ರಾಣಿಗಳೂ ಸೇರಿವೆ.

1883ರಲ್ಲಿ ರಷ್ಯದ ಮಣ್ಣುವಿಜ್ಞಾನಿ ವಸಿಲಿ ದೊಕುಚಾಯೆವ್ ಈ ಮಣ್ಣಿನ ಕುರಿತ ತಮ್ಮ ಗ್ರಂಥವನ್ನು ಪ್ರಕಟಿಸಿದಾಗ ಮಣ್ಣು ಎಂದರೆ ಪುಡಿಯಾದ ಬಂಡೆ ಎಂದೇ ಬಹಳ ಮಂದಿ ತಿಳಿದಿದ್ದರು. ಹವಾಮಾನ, ಸಸ್ಯ ಮತ್ತು ಪ್ರಾಣಿಗಳು, ಅಡಿಯ ಶಿಲಾದ್ರವ್ಯ, ನೆಲದ ಏರಿಳಿತ, ಕಾಲ ಎಂಬ ಐದೂ ಸೇರಿ ಮಣ್ಣನ್ನು ರೂಪಿಸುತ್ತವೆ ಎಂಬ ತಿಳಿವಳಿಕೆ ಅವರಿಂದ ಬಂದದ್ದು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರವೂ ಆ ಐದರಲ್ಲಿಯೇ ಇದೆ. ಎರಡೂ ಕಡೆ ಹುಲ್ಲು ಇದ್ದರೂ ಉಳಿದ ನಾಲ್ಕರಲ್ಲಿ ಕನಿಷ್ಠ ಎರಡು ಬೇರೆಬೇರೆ.

ಮಳೆಮಾಪಕ:

ಮಣ್ಣಗುಂಡಿಯವರು ಮಣ್ಣಿನ ಲೆಕ್ಕ ಕೊಟ್ಟಿದ್ದಾರೆ, ನಾನು ಮಳೆಯ ಲೆಕ್ಕಕ್ಕೆ ಬರುತ್ತೇನೆ. ಆ ಬಾಯಿಪಾಠದ ಸೂತ್ರದ ದೋಷವೆಂದರೆ ಅದು ಮಿಲಿಮೀಟರುಗಳನ್ನಷ್ಟೇ ಎಣಿಸುತ್ತದೆ. ಬಿದ್ದ ನೀರು ಎಷ್ಟು ಎಂಬುದರ ಜೊತೆಗೆ, ಬಿಸಿಲು ಮತ್ತು ಗಾಳಿ ಎಷ್ಟು ನೀರನ್ನು ಹೀರಬಲ್ಲವು ಎಂಬುದನ್ನೂ ಕೇಳಬೇಕು. ದೊಕುಚಾಯೆವ್ ಅವರ ಶಿಷ್ಯ ಗಿಯೋರ್ಗಿ ವಿಸೋತ್ಸ್ಕಿ ಕಳೆದ ಶತಮಾನದ ಆರಂಭದಲ್ಲಿಯೇ ಮಳೆಯನ್ನು ಬಾಷ್ಪೀಭವನದಿಂದ ಭಾಗಿಸಿ ನೋಡಿದ್ದರು. ಉತ್ತರದ ಕಾಡಿನಲ್ಲಿ ಭಾಗಲಬ್ಧ 1ಕ್ಕಿಂತ ಹೆಚ್ಚು, ಕಾಡು ಮತ್ತು ಸ್ಟೆಪ್ಪಿ ಬೆರೆಯುವ ಅಂಚಿನಲ್ಲಿ ಸುಮಾರು 1, ಕಪ್ಪು ಮಣ್ಣಿನ ಸ್ಟೆಪ್ಪಿಯಲ್ಲಿ ಮೂರರಲ್ಲಿ ಎರಡು ಪಾಲು, ಒಣ ಸ್ಟೆಪ್ಪಿಯಲ್ಲಿ ಮೂರರಲ್ಲಿ ಒಂದು ಪಾಲು. ವರ್ಷಕ್ಕೆ 500 ಮಿಲಿಮೀಟರ್ ಮಳೆ ಬೀಳುವ ತಂಪು ಪ್ರದೇಶದಲ್ಲಿ ಕಾಡು ಇರಬಹುದು, ಅಷ್ಟೇ ಮಳೆ ಬೀಳುವ ಬಿಸಿ ಪ್ರದೇಶದಲ್ಲಿ ಕುರುಚಲು ಮುಳ್ಳುಗಿಡವಷ್ಟೇ ಇರಬಹುದು.

ಸಮಶೀತೋಷ್ಣ ಹುಲ್ಲುಗಾವಲುಗಳ ಮಟ್ಟಿಗೆ ಈ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಪ್ರೈರಿಯನ್ನೇ ನೋಡಿ. ಪೆಸಿಫಿಕ್ ಕಡೆಯಿಂದ ಬರುವ ತೇವದ ಗಾಳಿಯನ್ನು ರಾಕಿ ಪರ್ವತಗಳು ತಡೆಯುವುದರಿಂದ ಅವುಗಳ ಪೂರ್ವದ ಮಗ್ಗುಲು ಮಳೆನೆರಳು. ಅಲ್ಲಿ ಗೇಣುದ್ದದ ಬಫೆಲೊ ಹುಲ್ಲು, ನೀಲಿ ಗ್ರಾಮ ಹುಲ್ಲು. ಪೂರ್ವಕ್ಕೆ ಹೋದಂತೆ ಮೆಕ್ಸಿಕೊ ಕೊಲ್ಲಿಯಿಂದ ಬರುವ ತೇವ ಹೆಚ್ಚುತ್ತ ಹುಲ್ಲೂ ಎತ್ತರವಾಗುತ್ತದೆ. ಇಲಿನಾಯ್ ತಲುಪುವ ಹೊತ್ತಿಗೆ ಆಳೆತ್ತರ. ಈ ಬದಲಾವಣೆ ಹೆಚ್ಚುಕಡಿಮೆ 100 ಡಿಗ್ರಿ ಪಶ್ಚಿಮ ರೇಖಾಂಶದ ಆಸುಪಾಸಿನಲ್ಲಿ ಆಗುತ್ತದೆ ಎಂದೂ, ಅದರಾಚೆ ನೀರಾವರಿಯಿಲ್ಲದೆ ಬೇಸಾಯ ನಂಬುವಂಥದ್ದಲ್ಲವೆಂದೂ ಅಮೆರಿಕದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ತಮ್ಮ ವರದಿಯಲ್ಲಿ ಎಚ್ಚರಿಸಿದ್ದರು. ಮಣ್ಣಗುಂಡಿಯವರು ಹೇಳಿದ ಸುಣ್ಣದ ಪದರವೂ ಈ ಇಳಿಜಾರನ್ನು ಅನುಸರಿಸುತ್ತದೆ. ಮಳೆ ಹೆಚ್ಚಿರುವ ಪೂರ್ವದಲ್ಲಿ ಸುಣ್ಣ ಆಳಕ್ಕಿಳಿದಿರುತ್ತದೆ ಅಥವಾ ತೊಳೆದೇ ಹೋಗಿರುತ್ತದೆ, ಪಶ್ಚಿಮಕ್ಕೆ ಹೋದಂತೆ ಮೇಲೆ ಮೇಲೆ ಬರುತ್ತದೆ. ಮಳೆನೀರು ಸಾಮಾನ್ಯವಾಗಿ ಎಷ್ಟು ಆಳದವರೆಗೆ ಇಳಿದು ನಿಲ್ಲುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವೆಲ್ಡ್ ಬೇರೆ ಬಗೆಯದು. ಹೈವೆಲ್ಡ್ ಎಂಬುದು ಸುಮಾರು 1,200 ರಿಂದ 1,800 ಮೀಟರ್ ಎತ್ತರದ ಪ್ರಸ್ಥಭೂಮಿ. ಮಳೆ ಬೇಸಿಗೆಯಲ್ಲಿ ಗುಡುಗು ಸಿಡಿಲಿನೊಂದಿಗೆ ಬರುತ್ತದೆ, ಚಳಿಗಾಲ ಒಣಗಿ ರಾತ್ರಿ ಇಬ್ಬನಿಯೇ ಹೆಪ್ಪುಗಟ್ಟುವಷ್ಟು ತಂಪು. ಪಂಪಾಸ್‌ನಲ್ಲಿ ಚಳಿಗಾಲ ಸೌಮ್ಯ, ಪೂರ್ವದ ಕರಾವಳಿಯ ಕಡೆ ಮಳೆ 1,000 ಮಿಲಿಮೀಟರಿನ ಆಸುಪಾಸು. ಅಲ್ಲಿ ನೆಟ್ಟ ಮರಗಳು ಸೊಗಸಾಗಿ ಬೆಳೆಯುತ್ತವೆ, ಆದರೂ ಮೂಲತಃ ಅದು ಮರವಿಲ್ಲದ ಬಯಲು. ಆದ್ದರಿಂದ ಮೇಡಂ, ಸೂತ್ರ ಸ್ಟೆಪ್ಪಿಗೆ ಹೊಂದುತ್ತದೆ, ಪಂಪಾಸ್‌ನಲ್ಲಿ ಕುಂಟುತ್ತದೆ, ಸೆರಾಡೊದಲ್ಲಿ ಬಿದ್ದೇಹೋಗುತ್ತದೆ. ಉಷ್ಣವಲಯಕ್ಕೆ ಸಂಬಂಧಿಸಿದಂತೆ ನಾನು ಹೇಳಬಲ್ಲದ್ದು ಇಷ್ಟೇ: ಅಲ್ಲಿ ಒಟ್ಟು ಮಳೆಗಿಂತ ಮಳೆಯಿಲ್ಲದ ತಿಂಗಳುಗಳ ಎಣಿಕೆ ಮುಖ್ಯ. ಲಾನೋಸ್‌ನ ತಗ್ಗು ಬಯಲುಗಳು ವರ್ಷದ ಅರ್ಧ ಭಾಗ ನೀರಿನಲ್ಲಿ ಮುಳುಗಿರುತ್ತವೆ, ಇನ್ನರ್ಧದಲ್ಲಿ ಬಿರುಕು ಬಿಡುತ್ತವೆ. ಈ ಎರಡನ್ನೂ ತಾಳುವ ಮರಗಳು ಬಹಳ ಇಲ್ಲ.

ಟಿಪ್ಪಣಿಗಾರ್ತಿ:

ಇಬ್ಬರಿಗೂ ತುಂಬಾ ಧನ್ಯವಾದಗಳು. ಜಮೆ ಮತ್ತು ಖರ್ಚಿನ ಹೋಲಿಕೆಯನ್ನು ಹಾಗೆಯೇ ತರಗತಿಗೆ ಒಯ್ಯುತ್ತೇನೆ. ಒಂದು ಉಪಪ್ರಶ್ನೆ: ಚೆರ್ನೊಜೆಮ್ ಎಂದರೆ ಎರೆಮಣ್ಣೇ ಎಂದು ಕೆಲವು ಟಿಪ್ಪಣಿಗಳಲ್ಲಿ ಬರೆದಿರುವುದನ್ನು ನೋಡಿದ್ದೇನೆ. ಎರಡೂ ಕಪ್ಪು ಎಂಬುದನ್ನು ಬಿಟ್ಟರೆ ಅವುಗಳ ನಡುವೆ ಸಂಬಂಧವಿದೆಯೇ? ಸೆರಾಡೊದಲ್ಲಿ ಕಾಡು ಏಕಿಲ್ಲ ಎಂಬ ಪ್ರಶ್ನೆಯೂ ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಬೆಂಕಿಕಡ್ಡಿ:

ಮೇಲಿನ ಎರಡೂ ಉತ್ತರಗಳಲ್ಲಿ ಬೆಂಕಿಯ ಹೆಸರೇ ಬಂದಿಲ್ಲ. ಉಷ್ಣವಲಯದ ಹುಲ್ಲುಗಾವಲಿನ ಬಗ್ಗೆ ಮಾತನಾಡುತ್ತ ಬೆಂಕಿಯನ್ನು ಬಿಡುವುದೆಂದರೆ ಅಡುಗೆಯ ಬಗ್ಗೆ ಮಾತನಾಡುತ್ತ ಒಲೆಯನ್ನು ಮರೆತಂತೆ.

ಆಫ್ರಿಕಾದ 854 ಸವನ್ನಾ ತಾಣಗಳ ಮಾಹಿತಿಯನ್ನು ಒಟ್ಟುಗೂಡಿಸಿದ ಒಂದು ಅಧ್ಯಯನ 2005ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವಲ್ಲಿ ಮರಗಳು ಎಷ್ಟು ದಟ್ಟವಾಗಬಹುದು ಎಂಬುದಕ್ಕೆ ಮಳೆಯೇ ಮಿತಿ ಹಾಕುತ್ತದೆ. ಅದಕ್ಕಿಂತ ಹೆಚ್ಚು ಮಳೆ ಬೀಳುವಲ್ಲಿ ಮರಗಳು ಮೇಲೆ ಮುಚ್ಚಿಕೊಳ್ಳುವಷ್ಟು ನೀರಿದೆ, ಅವನ್ನು ತಡೆದು ಹುಲ್ಲನ್ನು ಉಳಿಸುವುದು ಬೆಂಕಿ ಮತ್ತು ಮೇಯುವ ಪ್ರಾಣಿಗಳು ಎಂಬುದು ಅದರ ತಾತ್ಪರ್ಯ. ನಿಮ್ಮ ಎರಡನೆಯ ಪ್ರಶ್ನೆಗೆ ನೇರ ಉತ್ತರ ಇದು.

ಕೆಲಸ ನಡೆಯುವ ರೀತಿ ಹೀಗೆ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲು ಒಣಗಾಲದಲ್ಲಿ ನಿಂತಲ್ಲೇ ಉರುವಲಾಗುತ್ತದೆ. ಕಿಡಿ ಸಿಡಿಲಿನಿಂದ ಬರಬಹುದು, ಮನುಷ್ಯನಿಂದ ಬರಬಹುದು. ಹುಲ್ಲಿನ ಬೆಳೆಯುವ ಮೊಗ್ಗು ಬುಡದಲ್ಲಿ, ಮಣ್ಣಿನ ಮಟ್ಟದಲ್ಲಿ ಅಡಗಿರುವುದರಿಂದ ಉರಿ ಹಾದುಹೋದ ಕೆಲವೇ ದಿನಗಳಲ್ಲಿ ಕರಿ ಬೂದಿಯ ನಡುವೆ ಹಸಿರು ಚಿಗುರು ಕಾಣುತ್ತದೆ. ಎಳೆಯ ಮರದ ಮೊಗ್ಗಾದರೋ ಕೊಂಬೆಯ ತುದಿಯಲ್ಲಿ, ಸರಿಯಾಗಿ ಜ್ವಾಲೆಯ ಎತ್ತರದಲ್ಲಿರುತ್ತದೆ. ಅದು ಸುಟ್ಟು, ಬುಡದಿಂದ ಮತ್ತೆ ಚಿಗುರಿ, ಮತ್ತೆ ಸುಡುತ್ತದೆ. ಜ್ವಾಲೆ ಮುಟ್ಟದಷ್ಟು ಎತ್ತರಕ್ಕೆ ಒಮ್ಮೆ ತಪ್ಪಿಸಿಕೊಂಡ ಮರ ಮಾತ್ರ ದೊಡ್ಡದಾಗುತ್ತದೆ. ಹಾಗಾಗಿಯೇ ಸವನ್ನಾದಲ್ಲಿ ದೊಡ್ಡ ಮರಗಳೂ ಮೊಳಕಾಲೆತ್ತರದ ಮರಗಳೂ ಕಾಣುತ್ತವೆ, ನಡುವಿನ ಅಳತೆಯವು ವಿರಳ. ಸೆರಾಡೊದ ಗಿಡಮರಗಳನ್ನು ನೋಡಿದರೆ ಈ ಒಡನಾಟ ಎಷ್ಟು ಹಳೆಯದೆಂದು ತಿಳಿಯುತ್ತದೆ: ಬಿರಡೆಯಂಥ ದಪ್ಪ ತೊಗಟೆ, ಸೊಟ್ಟಗೆ ತಿರುಚಿದ ಕೊಂಬೆ, ನೆಲದೊಳಗೆ ಗಡ್ಡೆಯಂತೆ ಊದಿದ ಕಾಂಡ. ಅಲ್ಲಿನ ಮಣ್ಣಿನ ಅಲ್ಯೂಮಿನಿಯಂ ಬಹಳ ಬೆಳೆಗಳಿಗೆ ವಿಷ, ಆದರೆ ಕ್ವಾಲಿಯ ಮುಂತಾದ ಕೆಲವು ಸ್ಥಳೀಯ ಮರಗಳು ಅದನ್ನು ತಮ್ಮ ಎಲೆಗಳಲ್ಲಿಯೇ ತುಂಬಿಟ್ಟುಕೊಳ್ಳುತ್ತವೆ.

ಮಣ್ಣಗುಂಡಿಯವರೊಂದಿಗೆ ಒಂದು ತಕರಾರೂ ಇದೆ. ಸವನ್ನಾ ಎಂದೊಡನೆ ಕೆಂಪು ಬಡಮಣ್ಣು ಎಂದು ಒಂದೇ ಏಟಿಗೆ ಹೇಳುವುದು ಸರಿಯಲ್ಲ. ತಾಂಜಾನಿಯಾದ ಸೆರೆಂಗೆಟಿಯ ಆಗ್ನೇಯ ಬಯಲನ್ನು ತೆಗೆದುಕೊಳ್ಳಿ. ಅಲ್ಲಿನ ಮಣ್ಣು ಓಲ್ ದೊಯಿನ್ಯೊ ಲೆಂಗಾಯ್ ಮತ್ತು ಅದರ ಸುತ್ತಲಿನ ಜ್ವಾಲಾಮುಖಿಗಳು ಉಗುಳಿದ ಬೂದಿಯಿಂದ ಆದದ್ದು, ಕ್ಯಾಲ್ಸಿಯಂ ಹೇರಳ. ಆ ಬೂದಿಯ ಸುಣ್ಣ ಸ್ವಲ್ಪ ಆಳದಲ್ಲಿಯೇ ಗಾರೆಯಂತೆ ಗಟ್ಟಿಯಾಗಿ ಪದರ ಕಟ್ಟಿರುವುದರಿಂದ ಮರದ ಬೇರು ಕೆಳಗಿಳಿಯಲಾರದು. ಕಣ್ಣು ಹಾಯಿಸಿದಷ್ಟು ದೂರವೂ ಗಿಡ್ಡ ಹುಲ್ಲು ಮಾತ್ರ. ಹುಲ್ಲೆಯ ಜಾತಿಗೆ ಸೇರಿದ ಹತ್ತು ಲಕ್ಷಕ್ಕೂ ಹೆಚ್ಚು ವೈಲ್ಡಬೀಸ್ಟ್‌ಗಳು ಮಳೆಗಾಲದಲ್ಲಿ ಅಲ್ಲಿಗೇ ಬಂದು ಕರು ಹಾಕುವುದು ಕಾಕತಾಳೀಯವಲ್ಲ. ಹಾಲೂಡುವ ತಾಯಿಗೆ ಬೇಕಾದ ಕ್ಯಾಲ್ಸಿಯಂ, ರಂಜಕಗಳು ಆ ಹುಲ್ಲಿನಲ್ಲಿವೆ. ಮೇಯುವ ಪ್ರಾಣಿಗಳಿಗೂ ಬೆಂಕಿಗೂ ಇರುವ ನಂಟೂ ಅಲ್ಲಿಯೇ ಕಂಡದ್ದು. 1960ರ ದಶಕದಲ್ಲಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಹತೋಟಿಗೆ ಬಂದು ವೈಲ್ಡಬೀಸ್ಟ್‌ಗಳ ಸಂಖ್ಯೆ ಹಲವು ಪಟ್ಟು ಏರಿತು, ಉರಿಯಬೇಕಿದ್ದ ಹುಲ್ಲು ಅವುಗಳ ಹೊಟ್ಟೆ ಸೇರಿತು, ಬೆಂಕಿ ಕಡಿಮೆಯಾಯಿತು, ಮರಗಳು ಹೆಚ್ಚಿದವು.

ಮಣ್ಣಗುಂಡಿ:

ಬೆಂಕಿಕಡ್ಡಿಯವರ ತಕರಾರು ನ್ಯಾಯವಾದದ್ದು, ಒಪ್ಪಿಕೊಂಡೆ. ನಾನು ಸೆರಾಡೊವನ್ನು ಕಣ್ಣಮುಂದಿಟ್ಟುಕೊಂಡು ಸವನ್ನಾ ಎಂದು ಬರೆದುಬಿಟ್ಟೆ. ಅಡಿಯ ದ್ರವ್ಯ ಹೊಸದಾಗಿದ್ದರೆ ಉಷ್ಣವಲಯದಲ್ಲಿಯೂ ಮಣ್ಣು ಸಿರಿವಂತವೇ.

ಮೇಡಂ, ಎರೆಮಣ್ಣಿನ ವಿಷಯ. ಬಣ್ಣ ಒಂದೇ ಆದರೂ ಜಾತಿ ಬೇರೆ. ಚೆರ್ನೊಜೆಮ್‌ನಲ್ಲಿ ಸಾವಯವ ಪದಾರ್ಥ ಸಾಮಾನ್ಯವಾಗಿ ಶೇ 4ರ ಮೇಲಿರುತ್ತದೆ, ಒಳ್ಳೆಯ ಕಡೆಗಳಲ್ಲಿ ಅದರ ಎರಡರಷ್ಟೂ ಇರುತ್ತದೆ, ಅದರ ಕಪ್ಪು ಹ್ಯೂಮಸ್‌ನದು. ವರ್ಟಿಸಾಲ್ ಎಂದು ಮಣ್ಣುವಿಜ್ಞಾನಿಗಳು ಕರೆಯುವ ಎರೆಯಲ್ಲಿ ಸಾವಯವ ಇಂಗಾಲ ಎಷ್ಟೋ ಕಡೆ ಶೇ 1ನ್ನೂ ಮುಟ್ಟುವುದಿಲ್ಲ. ಆ ಸ್ವಲ್ಪವೇ ಸ್ಮೆಕ್ಟೈಟ್ ಎಂಬ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿ ಇಡೀ ಮಣ್ಣನ್ನು ಕಪ್ಪಾಗಿಸುತ್ತದೆ. ಕಪ್ಪಗಿದ್ದ ಮಾತ್ರಕ್ಕೆ ಹ್ಯೂಮಸ್ ಸಮೃದ್ಧ ಎಂದು ಬರೆದ ಟಿಪ್ಪಣಿ ಕಂಡರೆ ನೀವು ಧೈರ್ಯವಾಗಿ ಕೆಂಪು ಗೆರೆ ಎಳೆಯಬಹುದು.

ಆದರೂ ಎರೆಗೂ ಹುಲ್ಲುಗಾವಲಿಗೂ ಒಂದು ನಂಟಿದೆ, ಅದು ಬೇರೆ ದಾರಿಯದು. ಈ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕೈ ಇಳಿಯುವಷ್ಟು ಅಗಲಕ್ಕೆ ಬಿರುಕು ಬಿಡುತ್ತದೆ. ಎಳೆಯ ಮರದ ಬೇರು ಬಿರುಕಿನ ಎರಡು ಬದಿಗೂ ಸಿಕ್ಕಿ ಹರಿದುಹೋಗುತ್ತದೆ, ಹುಲ್ಲಿನ ನೂರಾರು ಸಣ್ಣ ಬೇರುಗಳು ಮಾತ್ರ ಒಂದು ಹರಿದರೆ ಇನ್ನೊಂದು ಎಂಬಂತೆ ಬದುಕುತ್ತವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಿಚೆಲ್ ಹುಲ್ಲಿನ ಬಯಲುಗಳು ಮೈಲುಗಟ್ಟಲೆ ಮರವಿಲ್ಲದೆ ಹರಡಿಕೊಂಡಿರುವುದು ಇಂಥ ಬಿರುಕುಮಣ್ಣಿನ ಮೇಲೆ. ಅಲ್ಲಿ ಮರಕ್ಕೆ ಅಡ್ಡಿ ಮಳೆಯ ಕೊರತೆಯೊಂದೇ ಅಲ್ಲ, ಮಣ್ಣಿನ ಈ ಸ್ವಭಾವವೂ ಹೌದು.

ಹಳೇ ಮೇಷ್ಟ್ರು:

ಚರ್ಚೆ ಚೆನ್ನಾಗಿದೆ. ಪಾಠದಲ್ಲಿ ಒಂದು ಮಾತು ಸೇರಿಸಿಕೊಳ್ಳಿ, ತಾಯಿ. ಈ ಮಣ್ಣುಗಳು ಇಂದು ಬಹುಪಾಲು ಹುಲ್ಲಿನ ಕೆಳಗಿಲ್ಲ, ನೇಗಿಲಿನ ಕೆಳಗಿವೆ.

ಪ್ರೈರಿಯ ಮಣ್ಣು ಎರಕದ ಕಬ್ಬಿಣದ ನೇಗಿಲಿಗೆ ಅಂಟಿಕೊಳ್ಳುತ್ತಿತ್ತು, ರೈತ ಹೆಜ್ಜೆ ಹೆಜ್ಜೆಗೂ ನಿಂತು ಅದನ್ನು ಕೆರೆಯಬೇಕಿತ್ತು. 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡಿಯರ್ ನುಣುಪಾದ ಉಕ್ಕಿನ ನೇಗಿಲು ಮಾಡಿಕೊಟ್ಟ ಮೇಲೆ ಆ ತಡೆ ಹೋಯಿತು. ಎತ್ತರ ಹುಲ್ಲಿನ ಪ್ರೈರಿಯಲ್ಲಿ ಇಂದು ಉಳಿದಿರುವುದು ನೂರರಲ್ಲಿ ನಾಲ್ಕು ಪಾಲಿಗಿಂತಲೂ ಕಡಿಮೆ. ಉಳಿದದ್ದರಲ್ಲಿ ದೊಡ್ಡ ಹರವು ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್. ಅಲ್ಲಿ ಮಣ್ಣು ತೆಳುವಾಗಿ, ಕೆಳಗೆ ಚಕಮಕಿ ಕಲ್ಲು ಬೆರೆತ ಸುಣ್ಣಕಲ್ಲು ಇದ್ದುದರಿಂದ ನೇಗಿಲು ಸೋತು ಹಿಂದಿರುಗಿತು. ಒಳ್ಳೆಯ ಮಣ್ಣಿನ ಮೇಲಿದ್ದ ಹುಲ್ಲು ಹೋಯಿತು, ಕಲ್ಲಿನ ಮೇಲಿದ್ದದ್ದು ಉಳಿಯಿತು.

ಒಣ ಪಶ್ಚಿಮದಲ್ಲಿ ಆದದ್ದು ನಿಮಗೆ ಗೊತ್ತಿದೆ. ಮೊದಲ ಮಹಾಯುದ್ಧದ ಕಾಲದ ಗೋಧಿಯ ಬೆಲೆಗೆ ಆಸೆಪಟ್ಟು ಗಿಡ್ಡ ಹುಲ್ಲಿನ ಬಯಲನ್ನು ಉತ್ತರು, 1930ರ ದಶಕದಲ್ಲಿ ಬರ ಬಂತು, ಹಿಡಿದಿಡಲು ಬೇರಿಲ್ಲದ ಮಣ್ಣು ಎದ್ದುಹೋಯಿತು. 1935ರ ಏಪ್ರಿಲ್ 14ರಂದು ನಡುಹಗಲನ್ನೇ ಕತ್ತಲಾಗಿಸಿದ ಧೂಳಿನ ಗೋಡೆಗೆ ‘ಕಪ್ಪು ಭಾನುವಾರ’ ಎಂದು ಹೆಸರಾಯಿತು. ಅದೇ ತಿಂಗಳು ಅಮೆರಿಕ ಮಣ್ಣಿನ ಸಂರಕ್ಷಣೆಯ ಕಾಯಿದೆ ಮಾಡಿತು. ಇದಾಗಿ ಇಪ್ಪತ್ತು ವರ್ಷವೂ ಆಗಿರಲಿಲ್ಲ, 1954ರಲ್ಲಿ ಸೋವಿಯತ್ ಒಕ್ಕೂಟ ಕಜಕಿಸ್ತಾನದ ಒಣ ಸ್ಟೆಪ್ಪಿಯನ್ನು ಉಳಲು ಹೊರಟಿತು, 1960ರ ದಶಕದ ಆರಂಭದಲ್ಲಿ ಅಲ್ಲಿಯೂ ಧೂಳು ಎದ್ದಿತು. ವಿಸೋತ್ಸ್ಕಿಯವರ ಭಾಗಲಬ್ಧ ಉಳಲು ಹೊರಟವರದೇ ಭಾಷೆಯಲ್ಲಿತ್ತಲ್ಲ ಎಂದು ನನಗೆ ಅನ್ನಿಸುವುದುಂಟು.

ಸೆರಾಡೊದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿನ ಮಣ್ಣು ಆಳವಾಗಿದೆ, ನೀರು ಚೆನ್ನಾಗಿ ಇಂಗುತ್ತದೆ, ಯಂತ್ರ ಓಡಿಸಲು ಸಮತಟ್ಟು. ಕೊರತೆ ರಾಸಾಯನಿಕ ಮಾತ್ರ. 1973ರಲ್ಲಿ ಸ್ಥಾಪನೆಯಾದ ಬ್ರೆಜಿಲ್ ಸರ್ಕಾರದ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪವೂ ಇತರ ಸಂಶೋಧಕರೂ ಹೆಕ್ಟೇರಿಗೆ ಟನ್ನುಗಟ್ಟಲೆ ಸುಣ್ಣ ಹಾಕಿ ಆಮ್ಲೀಯತೆಯನ್ನೂ ಅಲ್ಯೂಮಿನಿಯಂನ ವಿಷವನ್ನೂ ತಗ್ಗಿಸಿ, ರಂಜಕ ಕೊಟ್ಟು, ಅಲ್ಲಿ ಸೋಯಾ ಬೆಳೆಯುವ ದಾರಿ ತೋರಿಸಿದರು. ಈ ಕೆಲಸಕ್ಕೆ ಮೂವರಿಗೆ 2006ರ ವಿಶ್ವ ಆಹಾರ ಪ್ರಶಸ್ತಿ ಬಂತು. ಅದರ ಬೆಲೆಯಾಗಿ ಸುಮಾರು 20 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಸೆರಾಡೊದ ಮೂಲ ಸಸ್ಯವರ್ಗ ಅರ್ಧದಷ್ಟು ಹೋಗಿದೆ. ಬೆಂಕಿಕಡ್ಡಿಯವರು ಹೇಳಿದ ಗಡ್ಡೆಯಂಥ ಬುಡಗಳನ್ನು ಒಮ್ಮೆ ಕಿತ್ತೆಸೆದ ಮೇಲೆ ಆ ಸಸ್ಯಗಳು ಮರಳುವುದು ಬಹಳ ಕಷ್ಟ.

ಟಿಪ್ಪಣಿಗಾರ್ತಿ:

ಎಲ್ಲರಿಗೂ ಕೃತಜ್ಞಳು. ‘ಮಣ್ಣು’ ಮತ್ತು ‘ವಾಯುಗುಣ’ ಎಂಬ ಎರಡು ಉಪಶೀರ್ಷಿಕೆಗಳನ್ನು ತೆಗೆದುಹಾಕಿ ಒಂದೇ ಮಾಡಿದ್ದೇನೆ. ಪಕ್ಕದಲ್ಲಿ ಮೂರು ಗುಂಡಿಗಳ ಚಿತ್ರ ಬರೆಯುತ್ತಿದ್ದೇನೆ: ಪ್ರೈರಿಯ ಪೂರ್ವದಲ್ಲಿ ಒಂದು, ಪಶ್ಚಿಮದಲ್ಲಿ ಒಂದು, ಸೆರಾಡೊದಲ್ಲಿ ಒಂದು. ಮೊದಲೆರಡರಲ್ಲಿ ಸುಣ್ಣದ ಗೆರೆಯನ್ನು ಎಲ್ಲಿ ಹಾಕಬೇಕೆಂದು ಗೊತ್ತಾಯಿತು. ಮಣ್ಣಗುಂಡಿಯವರೇ, ಮೂರನೆಯದರಲ್ಲಿ ಎಷ್ಟು ಆಳಕ್ಕೆ ಹಾಕಲಿ?

ಮಣ್ಣಗುಂಡಿ:

ಎಲ್ಲಿಯೂ ಹಾಕಬೇಡಿ, ಮೇಡಂ. ಮೇಲಿನಿಂದ ಕೆಳಗಿನವರೆಗೆ ಒಂದೇ ಕೆಂಪು ತುಂಬಿ, ಮೇಲ್ಪದರದಲ್ಲಿ ಮಾತ್ರ ಸ್ವಲ್ಪ ಕಂದು ಸೇರಿಸಿ. ಆಮ್ಲದ ಹನಿಯನ್ನು ಆ ಗುಂಡಿಯ ಯಾವ ಮೂಲೆಯಲ್ಲಿ ಬಿಟ್ಟರೂ ಮಣ್ಣು ಸುಮ್ಮನೆ ಒದ್ದೆಯಾಗುತ್ತದೆ.